ಸೈಪ್ರಸ್ಸಿನ ತಿಮ್ಮಯ್ಯನವರೂ ಆರ್‌.ಟಿ. ನಗರದ ಚಿಕ್ಕಪ್ಪನೂ

ನಮ್ಮ ವಂಶಕ್ಕೆ ಸಕ್ಕರೆ ಕಾಯಿಲೆ ಬಂದದ್ದು ಅಜ್ಜಿಯ ಕಡೆಯಿಂದ, ಸ್ಟಾಂಪಿನ ಕಾಯಿಲೆ ಬಂದದ್ದು ತಾತನ ಕಡೆಯಿಂದ. ಮೊದಲನೆಯದಕ್ಕೆ ಮಾತ್ರೆ ಇದೆ. ಎರಡನೆಯದು ತಾತನಿಂದ ಅಪ್ಪನಿಗೂ ಚಿಕ್ಕಪ್ಪನಿಗೂ ಹತ್ತಿ, ನನ್ನನ್ನು ಹಿಡಿದು, ಈಗ ನನ್ನ ಮಗಳವರೆಗೂ ಒಂದು ತಲೆಮಾರನ್ನೂ ಬಿಡದೆ ಇಳಿದು ಬಂದಿದೆ. ಮದುವೆಯಾಗಿ ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಮಾತ್ರ ಕಾಯಿಲೆ ತಗುಲಿಲ್ಲ. ಅದರ ಉಪದ್ರವ ಮಾತ್ರ ತಗುಲಿದೆ.

ಅಂಚೆಚೀಟಿ ಸಂಗ್ರಹ ಭೂಗೋಳ ಕಲಿಸುತ್ತದೆ, ಇತಿಹಾಸ ಕಲಿಸುತ್ತದೆ, ತಾಳ್ಮೆ ಕಲಿಸುತ್ತದೆ ಎಂದು ಶಾಲೆಯ ಪ್ರಬಂಧಗಳಲ್ಲಿ ಬರೆಯುವ ವಾಡಿಕೆ. ನಾನೂ ಹಾಗೆ ಬರೆದು ಹತ್ತಕ್ಕೆ ಏಳು ಗಿಟ್ಟಿಸಿದವನೇ. ಆದರೆ ಮನೆಯಲ್ಲಿ ಕಂಡದ್ದನ್ನು ಹೇಳುವುದಾದರೆ ಅದು ಕಲಿಸುವುದು ಒಂದೇ ವಿದ್ಯೆ: ನಾಚಿಕೆ ಬಿಟ್ಟು ಕೇಳುವುದು. ಗುರುತು ಪರಿಚಯ ಇಲ್ಲದವರ ಮನೆಯ ಗೇಟು ತೆಗೆದು, ನಾಯಿಯನ್ನು ಸಮಾಧಾನಪಡಿಸಿ, ಬಾಗಿಲಲ್ಲಿ ನಿಂತ ಹೆಂಗಸಿಗೆ ಕೈಮುಗಿದು, “ನಿಮ್ಮನೆಗೆ ಫಾರಿನ್ನಿಂದ ಕಾಗದ ಬಂತಂತೆ. ಒಳಗಿಂದು ಏನೂ ಬೇಡಮ್ಮಾ, ಕವರ್ ಇದ್ರೆ ಕೊಡಿ” ಎನ್ನುವುದಕ್ಕೆ ಗಂಡೆದೆ ಬೇಕು. ನಮ್ಮ ತಾತನಿಗೆ ಅದಿತ್ತು. ಬೇರೆ ವಿಷಯಗಳಲ್ಲಿ ಅವರದು ಪುಕ್ಕಲು ಸ್ವಭಾವ. ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಬಾಕಿ ಚಿಲ್ಲರೆ ಕೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

ತಾತ ಹೆಬ್ಬಾಳದ ಕೃಷಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು. 1946ರಲ್ಲಿ ಶುರುವಾದ ಆ ಕಾಲೇಜು 1964ರಲ್ಲಿ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿಕೊಂಡಿತು. ಹೊಸ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಟೆನಿಸಿ ವಿಶ್ವವಿದ್ಯಾಲಯದ ನೆರವಿತ್ತು. ಆ ನೆರವಿನಿಂದ ರೈತರಿಗೆ ಏನೇನು ಅನುಕೂಲವಾಯಿತೆಂದು ಬೇರೆಯವರು ಬರೆದಿದ್ದಾರೆ. ತಾತನಿಗಂತೂ ಲಿಂಕನ್ನರೂ ವಾಷಿಂಗ್ಟನ್ನರೂ ಕಟ್ಟುಕಟ್ಟಾಗಿ ಸಿಕ್ಕರು. ಪ್ರೊಫೆಸರುಗಳು ಲಕೋಟೆ ಒಡೆದು ಕಾಗದ ಓದಿ ಮುಗಿಸುವವರೆಗೂ ತಾತ ಏನೋ ಒಂದು ಫೈಲು ಹಿಡಿದು ಅಲ್ಲೇ ನಿಂತಿರುತ್ತಿದ್ದರಂತೆ. ಕೊನೆಕೊನೆಗೆ ಅವರೇ, “ತಗೊಳ್ಳಿ, ಫೈಲ್ ಇಟ್ಟು ಹೋಗಿ” ಎಂದು ಲಕೋಟೆ ಕೊಟ್ಟುಬಿಡುತ್ತಿದ್ದರು.

ನಮ್ಮ ಮನೆ ಇದ್ದದ್ದು ಹಳೇ ಯಲಹಂಕದಲ್ಲಿ. ಊರಿನ ಬೀದಿಗಳಿಗೆ ಇದ್ದ ಹೆಸರುಗಳು ತಾತನಿಗೆ ಬೇಕಿರಲಿಲ್ಲ. ರಾಗಿ ಮಿಷನ್ನಿನ ಪಕ್ಕದ್ದು ಮಲಯಾ, ಬಾವಿಯ ಎದುರಿನದು ಪಶ್ಚಿಮ ಜರ್ಮನಿ, ದೇವಸ್ಥಾನದ ಹಿಂದಿನ ಸಂದಿ ಕೆನಡಾ. “ಕೆನಡಾದಲ್ಲಿ ಇವತ್ತು ಕರೆಂಟ್ ಇಲ್ಲ” ಎಂದು ತಾತ ಹೇಳಿದರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು. ಊರಿನ ಯಾವ ಹುಡುಗನಿಗೆ ಹೊರದೇಶದಲ್ಲಿ ಸೀಟು ಸಿಕ್ಕಿದರೂ ಆಶೀರ್ವಾದ ಮಾಡಲು ಮೊದಲು ಹಾಜರಾಗುತ್ತಿದ್ದವರು ತಾತ. “ವಾರಕ್ಕೊಂದು ಕಾಗದ ಬರೀಬೇಕು ಕಣಪ್ಪಾ, ಹೆತ್ತ ಕರುಳು ಕಾಯ್ತಿರತ್ತೆ” ಎನ್ನುವಾಗ ಅವರ ಕಣ್ಣಲ್ಲಿ ನೀರೂ ಬರುತ್ತಿತ್ತು. ಹುಡುಗ ಕಾಲಿಗೆರಗಿ ಏಳುವಷ್ಟರಲ್ಲಿ ಆಶೀರ್ವಾದದ ಉತ್ತರಾರ್ಧ: “ಒಂದೇ ಥರದ್ದು ಹಚ್ಚಬೇಡ. ಬೇರೆ ಬೇರೆ ಕೇಳಿ ತಗೋ.” ಸಾವಿನ ಮನೆಯಲ್ಲಿ ಮಾತ್ರ ತಾತ ಕವರ್ ಕೇಳುತ್ತಿರಲಿಲ್ಲ. ಹನ್ನೆರಡು ದಿನ ತಡೆದುಕೊಂಡು, ಹದಿಮೂರನೆಯ ದಿನ ಊಟಕ್ಕೆ ಹೋದಾಗ, ಹೊರದೇಶದಿಂದ ಯಾರ್‍ಯಾರು ಸಂತಾಪ ಸೂಚಿಸಿದ್ದಾರೆ ಎಂದು ವಿಚಾರಿಸುತ್ತಿದ್ದರು.

ಅಜ್ಜಿ ಬೈದಾಗಲೆಲ್ಲ ತಾತ ತೆಗೆಯುತ್ತಿದ್ದ ಅಸ್ತ್ರ ಐದನೇ ಜಾರ್ಜ್. ಆ ದೊರೆ ಯುವರಾಜನಾಗಿದ್ದಾಗ, 1904ರಲ್ಲಿ, ಮಾರಿಷಸ್ಸಿನ ಎರಡು ಪೆನ್ನಿಯ ಒಂದು ಸ್ಟಾಂಪಿಗೆ 1,450 ಪೌಂಡು ತೆತ್ತಿದ್ದ. ಯಾವನೋ ತಲೆಕೆಟ್ಟವನು ಅಷ್ಟು ದುಡ್ಡು ಸುರಿದನಂತೆ ಎಂದು ಅರಮನೆಯವನೊಬ್ಬ ಅವನ ಮುಂದೆಯೇ ನಕ್ಕನಂತೆ, ಆ ತಲೆಕೆಟ್ಟವನು ನಾನೇ ಎಂದು ಯುವರಾಜ ಹೇಳಿದನಂತೆ ಎಂಬ ಕಥೆ ಸ್ಟಾಂಪಿನವರೆಲ್ಲರ ಬಾಯಲ್ಲೂ ಇದೆ. ತಾತ ಇದನ್ನು ಕಣ್ಣಾರೆ ಕಂಡವರ ಧಾಟಿಯಲ್ಲಿ ಹೇಳಿ, “ಚಕ್ರವರ್ತಿಯೇ ಮಾಡ್ತಿದ್ದ ಕೆಲಸ ಕಣೇ ಇದು” ಎಂದು ಮುಗಿಸುತ್ತಿದ್ದರು. ಅಜ್ಜಿ ಸೊಪ್ಪು ಬಿಡಿಸುತ್ತಲೇ, “ಅವನಿಗೆ ರಾಜ್ಯ ಆಳೋಕೆ ಜನ ಇದ್ರು. ನಮ್ಮನೆಗೆ ಸೀಮೆಎಣ್ಣೆ ತರೋಕೆ ಯಾರಿದಾರೆ ಹೇಳಿ” ಎನ್ನುತ್ತಿದ್ದರು. ಚಕ್ರವರ್ತಿ ಡಬ್ಬ ಹಿಡಿದು ಹೊರಡುತ್ತಿದ್ದರು.

ಅಜ್ಜಿಗೆ ನಿಜವಾಗಿ ಸಿಟ್ಟಿದ್ದದ್ದು ಭಾನುವಾರಗಳ ಮೇಲೆ. ಭಾನುವಾರವೆಂದರೆ ನೆನೆಹಾಕುವ ದಿನ. ಲಕೋಟೆಯಿಂದ ಸ್ಟಾಂಪನ್ನು ಕೀಳಬಾರದು. ಸುತ್ತ ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ಬೇಸಿನ್ನಿನ ತಣ್ಣೀರಿನಲ್ಲಿ ಮುಖ ಮೇಲಾಗಿ ತೇಲಿಬಿಡಬೇಕು. ಬಣ್ಣದ ಲಕೋಟೆಯವಕ್ಕೆ ಬೇರೆ ಬಟ್ಟಲು. ಇಲ್ಲದಿದ್ದರೆ ಮದುವೆಯ ಕರೆಯೋಲೆಯ ಕೆಂಪು ಬಣ್ಣ ಬಿಟ್ಟುಕೊಂಡು, ಪಕ್ಕದಲ್ಲಿ ತೇಲುತ್ತಿರುವ ಗಾಂಧೀಜಿಯ ಮುಖವೆಲ್ಲ ಕೆಂಪೇರುತ್ತದೆ. ಸ್ವಲ್ಪ ಹೊತ್ತಿಗೆ ಅಂಟು ಸಡಿಲವಾಗಿ ಸ್ಟಾಂಪು ಕಾಗದದ ಮೇಲೆ ತಾನಾಗಿ ಜಾರತೊಡಗುತ್ತದೆ. ಆಗಲೂ ಸ್ಟಾಂಪನ್ನು ಎಳೆಯುವಂತಿಲ್ಲ, ಕಾಗದವನ್ನೇ ಅದರಿಂದ ಕಳಚಬೇಕು. ಹಿಂಬದಿಯ ಲೋಳೆಯನ್ನು ಬೆರಳ ತುದಿಯಲ್ಲಿ ಸವರಿ ತೊಳೆದು, ಅಂಚಿನ ಹಲ್ಲು ಮುರಿಯದ ಹಾಗೆ ಚಿಮಟದಲ್ಲಿ ಎತ್ತಿ, ಹಳೆಯ ಪ್ರಜಾವಾಣಿಗಳ ಮೇಲೆ ಹಾಸಿದ ತಾತನ ಬಿಳಿ ಪಂಚೆಯ ಮೇಲೆ ಮಕಾಡೆ ಮಲಗಿಸಬೇಕು. ಆಮೇಲೆ ಅವು ಒಣಗುವವರೆಗೂ ಮನೆಯಲ್ಲಿ ಯಾರೂ ಫ್ಯಾನ್ ಹಾಕುವಂತಿಲ್ಲ.

ಮೇ ತಿಂಗಳು, ನಡುಮನೆಯ ತುಂಬ ಪಂಚೆ, ಪಂಚೆಯ ತುಂಬ ಪ್ರಪಂಚ, ಗೋಡೆಗೊರಗಿ ಬೆವರು ಒರೆಸಿಕೊಳ್ಳುತ್ತ ಕೂತ ಸಂಸಾರ. ಒಂದು ಸಲ ಊರಿಂದ ಬಂದ ನೆಂಟರೊಬ್ಬರು ಚಪ್ಪಲಿ ಬಿಟ್ಟವರೇ, “ಏನ್ ಸೆಕೆ ಕಣ್ರಯ್ಯಾ!” ಎಂದು ಸ್ವಿಚ್ಚು ಒತ್ತಿದರು. ಹಂಗೆರಿಯ ಚಿಟ್ಟೆಗಳು ನಿಜವಾಗಿಯೂ ಹಾರಿದವು. ಅವುಗಳ ಹಿಂದೆ ರಷ್ಯದ ಗಗನಯಾತ್ರಿಗಳು, ಜಪಾನಿನ ಹಕ್ಕಿಗಳು, ಯಾವ ಕಾರಣಕ್ಕೂ ಹಾರಬಾರದಿದ್ದ ಇಂಗ್ಲೆಂಡಿನ ರಾಣಿ. ಎಲ್ಲರೂ ಮಂಚದಡಿ ತೂರಿದೆವು. ಒಂದು ಸ್ಪೇನ್ ಮಾರನೆಯ ದಿನ ಹುಳಿಯಲ್ಲಿ ಸಿಕ್ಕಿತು. ತಾತ ಅದನ್ನು ಮತ್ತೆ ತೊಳೆದು ಒಣಗಿಸಿ ಅಂಟಿಸಿದರು. ಈಗಲೂ ಆ ಪುಟ ತೆರೆದರೆ ಇಂಗಿನ ವಾಸನೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಇರಲಾರದು. ಒಣಗಿ ಸುರುಳಿ ಸುತ್ತಿಕೊಂಡವನ್ನು ದಪ್ಪ ಪುಸ್ತಕದ ನಡುವೆ ಒತ್ತಿಡುವುದು ಕ್ರಮ. ನಮ್ಮ ಮನೆಯಲ್ಲಿ ಅದಕ್ಕಿದ್ದದ್ದು ಕಿಟ್ಟೆಲ್ ನಿಘಂಟು. ಇವತ್ತಿಗೂ ಅಪ್ಪ ಒಂದು ಶಬ್ದದ ಅರ್ಥ ನೋಡಲು ಹೋದರೆ ಅರ್ಥಕ್ಕೆ ಮೊದಲು ಪೋಲೆಂಡ್ ಉದುರುತ್ತದೆ.

ಅಪ್ಪ ದೊಡ್ಡವರಾಗಿ ಜಾಲಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ಮತಭೇದ ಹುಟ್ಟಿತು. ಸಂಬಳ ಕೈಗೆ ಬಂದದ್ದೇ ಅವರು ಜಿಪಿಒದ ಫಿಲಾಟೆಲಿಕ್ ಬ್ಯೂರೋಗೆ ಹೋಗಿ ಖಾತೆ ತೆರೆದರು. ಹೊಸ ಸ್ಟಾಂಪು ಬಂದ ಹಾಗೆಲ್ಲ ಮಸಿ ಸೋಕದ, ಅಂಟು ಮಾಸದ, ನಾಲ್ಕು ಸ್ಟಾಂಪಿನ ಇಡೀ ಬ್ಲಾಕು ಅಪ್ಪನಿಗೆ ಬರುತ್ತಿತ್ತು. ಇಂಥದ್ದಕ್ಕೆ ಮಿಂಟ್ ಎನ್ನುತ್ತಾರೆ. ಮೊಹರು ಬಿದ್ದದ್ದು ಯೂಸ್ಡ್. ಈ ಎರಡು ಪಂಥಗಳ ನಡುವೆ ಹೆಣ್ಣು ಕೊಟ್ಟು ತರುವುದೂ ಕಷ್ಟ. ತಾತನ ಸಿದ್ಧಾಂತ ಖಚಿತವಾಗಿತ್ತು: “ಓಡಾಡದ ಸ್ಟಾಂಪು ಸ್ಟಾಂಪೇ ಅಲ್ಲ ಕಣೋ. ಅದು ದುಡ್ಡು ಕೊಟ್ಟಿದ್ದಕ್ಕೆ ರಸೀತಿ.” ಅಪ್ಪನ ಪ್ರಕಾರ ಯೂಸ್ಡ್ ಎಂದರೆ ಊರವರೆಲ್ಲ ಉಟ್ಟು ಬಿಟ್ಟ ಬಟ್ಟೆ.

ಜಗಳ ಕೈಮೀರಿದ್ದು ರಾಣಿ ಚೆನ್ನಮ್ಮನ ದೆಸೆಯಿಂದ. 1977ರ ಅಕ್ಟೋಬರ್ 23ರಂದು ಕಿತ್ತೂರು ಚೆನ್ನಮ್ಮನ 25 ಪೈಸೆಯ ಸ್ಟಾಂಪು ಬಿಡುಗಡೆಯಾಯಿತು. ಅಪ್ಪ ಬ್ಲಾಕು ತಂದು ಬಟರ್ ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಅಪ್ಪ ಶಿಫ್ಟಿಗೆ ಹೋದ ಹೊತ್ತಿನಲ್ಲಿ ತಾತ ಬೀರು ತೆಗೆದು, ಬ್ಲಾಕಿನಿಂದ ಒಬ್ಬಳು ಚೆನ್ನಮ್ಮನನ್ನು ನಾಜೂಕಾಗಿ ಬಿಡಿಸಿ, ಲಕೋಟೆಗೆ ಅಂಟಿಸಿ, ತಮಗೆ ತಾವೇ ಒಂದು ಕಾಗದ ಬರೆದು ಹೆಬ್ಬಾಳದಲ್ಲಿ ಡಬ್ಬಿಗೆ ಹಾಕಿಬಿಟ್ಟರು. “ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ” ಎಂದು ಒಳಗೆ ಬರೆದಿದ್ದರು. ಕಾಗದ ಅಪ್ಪನ ಕೈಗೇ ಬಂತು. ಮೂರೇ ಮೂರು ಚೆನ್ನಮ್ಮಂದಿರು ಉಳಿದ ಬೀರುವಿನ ಮುಂದೆ ಅಪ್ಪ ಆಡಿದ ಮಾತುಗಳನ್ನು ಅಜ್ಜಿ ನಮಗೆ ಎಂದೂ ಪೂರ್ತಿಯಾಗಿ ಹೇಳಲಿಲ್ಲ. ತಾತ ಮಾತ್ರ ಮೊಹರನ್ನು ಬೆಳಕಿಗೆ ಹಿಡಿದು, “ಎಷ್ಟು ನೀಟಾಗಿ ಬಿದ್ದಿದೆ ನೋಡು, ಮುಖಕ್ಕೆ ತಾಕಿಲ್ಲ” ಎಂದರಂತೆ.

ಅಪ್ಪ ಮಿಂಟಿನವರಾದರೂ ಕೇಳುವ ವಿದ್ಯೆಯಲ್ಲಿ ಅಪ್ಪನ ಮಗನೇ. ಹೆಣ್ಣು ನೋಡಲು ಹೋದಾಗ ಅಮ್ಮನ ಸೋದರಮಾವ ನೈರೋಬಿಯಲ್ಲಿದ್ದಾರೆ ಎಂದು ತಿಳಿದದ್ದೇ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರಂತೆ. ಆ ದಿನಗಳಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ಮೂರಕ್ಕೂ ಸೇರಿ ಒಂದೇ ಸ್ಟಾಂಪು, ಮೂರರ ಹೆಸರೂ ಅದರ ಮೇಲೆ. “ನನ್ನ ಮುಖಾನೇ ಸರಿಯಾಗಿ ನೋಡ್ಲಿಲ್ಲ. ಷೆಲ್ಫಲ್ಲಿದ್ದ ಮಾವನ ಕವರ್ ನೋಡ್ತಾ ಕೂತಿದ್ರು. ಒಪ್ಪಿಗೆ ಅಂತ ಹೇಳಿದ್ದು ಯಾರಿಗೆ ಅಂತ ನಂಗೆ ಇವತ್ತಿಗೂ ಡೌಟು” ಎಂದು ಅಮ್ಮ ಹೇಳುತ್ತಾರೆ. ಅಪ್ಪ ಇದನ್ನು ನಿರಾಕರಿಸಿಲ್ಲ.

ತಾತ ಹೋದ ಮೇಲೆ ಪಾಲಾಯಿತು. ಮನೆ, ಹಿತ್ತಲು, ಅಜ್ಜಿಯ ಬೆಳ್ಳಿ ಸಾಮಾನು, ದೊಡ್ಡಬಳ್ಳಾಪುರದ ಕಡೆಗಿದ್ದ ಚೂರು ಜಮೀನು ಎಲ್ಲ ಒಂದೇ ಮಧ್ಯಾಹ್ನದಲ್ಲಿ, ಕಾಫಿ ಆರುವ ಮೊದಲೇ ಬಗೆಹರಿಯಿತು. ಅಣ್ಣ ತಮ್ಮ ಒಬ್ಬರಿಗೊಬ್ಬರು, “ನೀನೇ ಇಟ್ಕೊಳೋ”, “ಬೇಡ ಅಣ್ಣಾ, ನೀನೇ ಇಟ್ಕೋ” ಎಂದುಕೊಂಡು ಕಣ್ಣೊರೆಸಿಕೊಂಡರು. ಅದಾದ ಮೇಲೆ ಆಲ್ಬಮ್ಮುಗಳನ್ನು ತಂದರು.

ಸೂತ್ರ ಸರಳವಾಗಿಯೇ ಇತ್ತು. ಸ್ವದೇಶ ಅಪ್ಪನಿಗೆ, ವಿದೇಶ ಚಿಕ್ಕಪ್ಪನಿಗೆ. ಮೊದಲ ತಕರಾರು ಬಂದದ್ದು ಪಾಕಿಸ್ತಾನದಲ್ಲಿ. 1947ರ ಅಕ್ಟೋಬರ್ 1ರಂದು ಪಾಕಿಸ್ತಾನ ತನ್ನ ಮೊದಲ ಸ್ಟಾಂಪುಗಳನ್ನು ಹೊರಡಿಸಿದಾಗ ಅದಕ್ಕೆ ಸ್ವಂತದ್ದು ಅಚ್ಚು ಮಾಡಿಸಲು ಪುರುಸೊತ್ತಿರಲಿಲ್ಲ. ಆರನೇ ಜಾರ್ಜಿನ ತಲೆಯಿದ್ದ ಭಾರತದ ಸ್ಟಾಂಪುಗಳ ಮೇಲೆಯೇ, ಅದೂ ನಮ್ಮ ನಾಸಿಕದ ಮುದ್ರಣಾಲಯದಲ್ಲೇ, ಪಾಕಿಸ್ತಾನ ಎಂದು ಅಚ್ಚೊತ್ತಿ ಕಳಿಸಿದ್ದರು. “ಕಾಗದ ನಮ್ಮದು, ಪ್ರೆಸ್ ನಮ್ಮದು, ನಾಸಿಕ್ ನಮ್ಮದು” ಎಂದರು ಅಪ್ಪ. “ಮೇಲೆ ಏನು ಬರೆದಿದೆ ಓದಣ್ಣ” ಎಂದರು ಚಿಕ್ಕಪ್ಪ. ಅದರ ಬೆನ್ನಿಗೇ ಬರ್ಮಾ. 1937ರಲ್ಲಿ ಬೇರೆಯಾದಾಗ ಅಲ್ಲಿಯೂ ಹೀಗೇ, ಭಾರತದ ಸ್ಟಾಂಪಿನ ಮೇಲೆ ಬರ್ಮಾ ಎಂಬ ಅಕ್ಷರ. ಕುವೈತ್, ಬಹರೇನುಗಳಲ್ಲೂ ಒಂದು ಕಾಲಕ್ಕೆ ಓಡಿದ್ದು ನಮ್ಮ ದೊರೆಯ ತಲೆಯ ಮೇಲೆ ಅವರ ಹೆಸರು ಒತ್ತಿದ ಸ್ಟಾಂಪುಗಳೇ. ಇಡೀ ಸಾಮ್ರಾಜ್ಯದ ಗಡಿಯನ್ನು ಒಂದು ರಬ್ಬರ್ ಮೊಹರಿನ ಹಾಗೆ ಎತ್ತಿ ಬೇಕಾದಲ್ಲಿ ಒತ್ತಿಕೊಂಡು ಹೋಗಿದ್ದರು. ಅದನ್ನು ಬಗೆಹರಿಸುವ ಭಾರ ಯಲಹಂಕದ ನಡುಮನೆಯಲ್ಲಿ ಕೂತ ಇಬ್ಬರ ಮೇಲೆ ಬಿತ್ತು.

ಹೈದರಾಬಾದಿನ ಹೊತ್ತಿಗೆ ಧ್ವನಿ ಏರಿತ್ತು. ನಿಜಾಮನಿಗೆ ಸ್ವಂತ ಅಂಚೆ ಇತ್ತು, 1869ರಿಂದಲೇ ಸ್ವಂತ ಸ್ಟಾಂಪೂ ಇತ್ತು. 1948ರ ಸೆಪ್ಟೆಂಬರ್‌ವರೆಗೂ ಅವನು ಬೇರೆ, ನಾವು ಬೇರೆ, ಆದ್ದರಿಂದ ಅದು ವಿದೇಶ ಎಂದು ಚಿಕ್ಕಪ್ಪನ ವಾದ. ಅಪ್ಪ ಎದ್ದು ನಿಂತುಬಿಟ್ಟರು. “ಕಲಬುರಗಿ ರಾಯಚೂರು ಎಲ್ಲಿತ್ತೋ ಆಗ? ಬೀದರ್ ವಿದೇಶವೇನೋ ನಿನಗೆ?” ಕನ್ನಡನಾಡಿನ ಏಕೀಕರಣದ ಪ್ರಶ್ನೆ ಬಂದದ್ದರಿಂದ ಚಿಕ್ಕಪ್ಪ ಹಿಂದೆ ಸರಿಯಬೇಕಾಯಿತು. ಗೋವಾ ಕೇಳುವಾಗ ಮಾತ್ರ ಅವರು 1961ರ ಡಿಸೆಂಬರನ್ನು ಹಿಡಿದು ಜಗ್ಗಲಿಲ್ಲ. ನಮ್ಮ ಮೈಸೂರು ಸಂಸ್ಥಾನ ಒಂದು ಜಗಳ ಉಳಿಸಿತು. ತಿರುವಾಂಕೂರು, ಕೊಚ್ಚಿಗಳೆಲ್ಲ ಸ್ಟಾಂಪು ಹೊರಡಿಸಿದವು. ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ತನ್ನದೇ ಅಂಚೆಯಿತ್ತು, 1889ರಲ್ಲಿ ಬ್ರಿಟಿಷರದರಲ್ಲಿ ಸೇರಿಹೋಗುವವರೆಗೂ ನಡೆಯಿತು, ಆದರೆ ಅಂಟಿಸುವ ಸ್ಟಾಂಪು ಒಂದನ್ನೂ ಮಾಡಲಿಲ್ಲ. ತಾತನಿಗೆ ಇದು ಸಾಯುವವರೆಗೂ ಕೊರಗು. ದಿವಾನರುಗಳು ಕಟ್ಟೆ ಕಟ್ಟಿದರು, ಕಾರ್ಖಾನೆ ಕಟ್ಟಿದರು, ಒಂದು ಅರ್ಧಾಣೆ ಸ್ಟಾಂಪಿನ ಯೋಚನೆ ಯಾವ ಪುಣ್ಯಾತ್ಮನಿಗೂ ಬರಲಿಲ್ಲವಲ್ಲ ಎನ್ನುತ್ತಿದ್ದರು.

ಕೊನೆಗೆ ಅಜ್ಜಿಯನ್ನು ಪಂಚಾಯ್ತಿಗೆ ಕರೆದರು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಪುಟ ತಿರುವಿ, “ದೊರೆ ತಲೆ ಇರೋದೆಲ್ಲ ದೊಡ್ಡೋನಿಗೆ. ಇಲ್ದೇ ಇರೋದು ಚಿಕ್ಕೋನಿಗೆ. ಮುಗೀತಲ್ಲ” ಎಂದು ಎದ್ದರು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ದೊರೆಯ ತಲೆ ಇಂಗ್ಲೆಂಡಿನ ಮೇಲೂ ಇತ್ತು, ಸಿಲೋನ್, ಮಲಯಾ, ಕೆನಡಾ, ಆಸ್ಟ್ರೇಲಿಯಾಗಳ ಮೇಲೂ ಇತ್ತು. ಸೀಮೆಎಣ್ಣೆಯ ಹೊರತು ಬೇರೆ ರಾಜಕಾರಣ ಅರಿಯದ ಅಜ್ಜಿ ಅರ್ಧ ನಿಮಿಷದಲ್ಲಿ ಬ್ರಿಟಿಷ್ ಸಾಮ್ರಾಜ್ಯವನ್ನು ಮತ್ತೆ ಸ್ಥಾಪಿಸಿ, ಅದನ್ನು ಹಿರಿಯ ಮಗನಿಗೆ ಪಟ್ಟಕಟ್ಟಿದ್ದರು. ತೀರ್ಪನ್ನು ಕೈಬಿಡಲಾಯಿತು. ಪಾಕಿಸ್ತಾನ, ಬರ್ಮಾ, ಗೋವಾ ಚಿಕ್ಕಪ್ಪನಿಗೆ, ಹೈದರಾಬಾದ್, ಕುವೈತ್, ಬಹರೇನ್ ಅಪ್ಪನಿಗೆ ಎಂದು ರಾಜಿಯಾಗಿ, ಚಿಕ್ಕಪ್ಪ ತಮ್ಮ ಪಾಲನ್ನು ಟ್ರಂಕಿನಲ್ಲಿ ತುಂಬಿಕೊಂಡು ಆರ್‌.ಟಿ. ನಗರಕ್ಕೆ ಹೋದರು.

ಆ ಟ್ರಂಕಿನಲ್ಲಿ ಜನರಲ್ ತಿಮ್ಮಯ್ಯನವರೂ ಹೊರಟುಹೋದರು. ನನ್ನ ಬದುಕಿನ ತೊಡಕು ಇದೇ.

ಹೇಗೆಂದರೆ, ಮಿಂಟು ಯೂಸ್ಡುಗಳ ಜಗಳದಲ್ಲಿ ಬೆಳೆದ ನಾನು ಮೂರನೆಯ ದಾರಿ ಹಿಡಿದೆ. ಒಂದೇ ವಿಷಯಕ್ಕೆ ಸೇರಿದ್ದನ್ನು ಕೂಡಿಸುವುದು. ನನ್ನ ವಿಷಯ ಸ್ಟಾಂಪುಗಳಲ್ಲಿ ಕರ್ನಾಟಕ. 1949ರ ಸ್ವಾತಂತ್ರ್ಯ ದಿನಕ್ಕೆ ಬಂದ ಪುರಾತತ್ವ ಮಾಲೆಯಲ್ಲಿ ಆರಾಣೆಯ ಬಿಜಾಪುರದ ಗೋಳಗುಮ್ಮಟ ಇದೆ. ಅದು ಬಂದಾಗ ಬಿಜಾಪುರ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು, ಇರಲಿ. 1960ರ ಸೆಪ್ಟೆಂಬರ್ 15ರ ವಿಶ್ವೇಶ್ವರಯ್ಯನವರು ಇದ್ದಾರೆ. ಬದುಕಿದ್ದಾಗಲೇ ಸ್ಟಾಂಪಿನ ಮೇಲೆ ಬಂದವರು ನಮ್ಮ ದೇಶದಲ್ಲಿ ಬೆರಳೆಣಿಕೆಯ ಮಂದಿ. ತಮ್ಮ ಮುಖವಿರುವ ಸ್ಟಾಂಪನ್ನು ತಾವೇ ಒದ್ದೆ ಮಾಡಿ ಲಕೋಟೆಗೆ ಹಚ್ಚುವ ಅವಕಾಶ ಅವರಿಗಿತ್ತು. ಹಚ್ಚಿದ್ದರೆ ಅಂಚಿಗೆ ಸಮನಾಗಿ, ಅಳತೆ ಹಿಡಿದೇ ಹಚ್ಚಿರುತ್ತಾರೆ. 1964ರ ಪುರಂದರದಾಸರು, ನಮ್ಮ ಮನೆ ಒಡೆದ ಚೆನ್ನಮ್ಮ, 2009ರ ರಾಜ್ಯೋತ್ಸವಕ್ಕೆ ಬಂದ ರಾಜ್‌ಕುಮಾರ್, ಎಲ್ಲರೂ ಇದ್ದಾರೆ. ಅರವತ್ತರ ದಶಕದ ಮಾಮೂಲಿ ಸ್ಟಾಂಪುಗಳಲ್ಲೇ ನಮ್ಮದೆನ್ನುವಂಥವು ಮೂರಿವೆ: ಎರಡು ಪೈಸೆಯ ಬಿದರಿ ಹೂಜಿ, ನಾಲ್ಕು ಪೈಸೆಯ ಕಾಫಿ ಹಣ್ಣು, ಎಪ್ಪತ್ತು ಪೈಸೆಯ ಹಂಪಿಯ ಕಲ್ಲಿನ ರಥ. ಹಂಪಿಗೆ ಎಪ್ಪತ್ತು, ಕಾಫಿಗೆ ನಾಲ್ಕೇ ಎಂಬುದು ಚಿಕ್ಕಮಗಳೂರಿನವರು ವಿಚಾರಿಸಬೇಕಾದ ಸಂಗತಿ.

ಇಷ್ಟೆಲ್ಲ ಇದ್ದೂ ತಿಮ್ಮಯ್ಯನವರಿಲ್ಲ. ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಸೇನೆಯ ಮುಖ್ಯಸ್ಥರಾಗಿ, ನಿವೃತ್ತರಾದ ಮೇಲೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಸೈಪ್ರಸ್ಸಿಗೆ ಹೋದವರು 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ದೇಶ ಅವರ ನೆನಪಿಗೆ ಒಂದು ಸ್ಟಾಂಪು ಹೊರಡಿಸಿತು. ಕೊಡಗಿನವರು, ಆದ್ದರಿಂದ ನನಗೆ ಸೇರಬೇಕು. ಸೈಪ್ರಸ್ಸಿನದು, ಆದ್ದರಿಂದ ಚಿಕ್ಕಪ್ಪನಿಗೆ ಸೇರಿದೆ.

ಕೇಳಿದೆ. ಕೇಳುವುದು ನಮ್ಮ ಕುಲಕಸುಬಲ್ಲವೆ? ಚಿಕ್ಕಪ್ಪ ಇಲ್ಲವೆನ್ನಲಿಲ್ಲ. “ಬದಲಿಗೆ ಠಾಗೋರರನ್ನ ಕೊಡಿಸು ನಿಮ್ಮಪ್ಪನ ಹತ್ರ” ಎಂದರು. 1952ರ ಅಕ್ಟೋಬರ್ 1ರಂದು ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ಠಾಗೋರ್ ಎಂಬ ಆರು ಮಂದಿಯ ಒಂದು ಸೆಟ್ಟು ಬಂದಿತ್ತು. ಹನ್ನೆರಡಾಣೆಯ ಠಾಗೋರರು ಅದರಲ್ಲಿ ಎಲ್ಲರಿಗಿಂತ ದುಬಾರಿ. “ರವೀಂದ್ರನಾಥ ಠಾಗೋರ್ ನಗರದಲ್ಲಿ ಮನೆ ಕಟ್ಟಿದೀನಿ ಕಣೋ. ಅವರನ್ನ ಯಲಹಂಕದಲ್ಲಿ ಬಿಟ್ಟು ನಾನಿಲ್ಲಿ ಹೇಗಿರಲಿ?” ಅಪ್ಪನ ಹತ್ತಿರ ಹೋದೆ. “ಸೆಟ್ ಒಡೆಯೋ ಮಾತು ಈ ಮನೇಲಿ ಎತ್ತಬೇಡ. ಒಂದ್ಸಲ ಒಡೆದಿದ್ದು ಸಾಕು” ಎಂದರು. ಯಲಹಂಕದಿಂದ ಆರ್‌.ಟಿ. ನಗರಕ್ಕೆ ರಾಯಭಾರ ಹೋಗಿ ಬರುವ ಹೊತ್ತಿಗೆ ಹೆಬ್ಬಾಳದಲ್ಲಿ ಫ್ಲೈಓವರ್ ಬಂತು, ಅದರ ಮೇಲೆ ವಿಮಾನ ನಿಲ್ದಾಣದ ದಟ್ಟಣೆ ಬಂತು, ಅದನ್ನು ತಪ್ಪಿಸಲು ಅದಕ್ಕೆ ಇನ್ನೊಂದು ಕವಲು ಬಂತು. ತಿಮ್ಮಯ್ಯನವರು ಬರಲಿಲ್ಲ.

ಅಣ್ಣತಮ್ಮಂದಿರು ಬೇರೆ ವಿಷಯಗಳಲ್ಲಿ ಅನ್ಯೋನ್ಯವಾಗಿದ್ದಾರೆ ಎಂದು ಹೇಳದಿದ್ದರೆ ತಪ್ಪಾಗುತ್ತದೆ. 2006ರ ಡಿಸೆಂಬರಿನಲ್ಲಿ ಗಂಧದ ವಾಸನೆಯ 15 ರೂಪಾಯಿಯ ಸ್ಟಾಂಪು ಬಂದಾಗ ಇಬ್ಬರೂ ಸೇರಿಯೇ ತಂದರು. ವಾಸನೆ ಅಸಲಿಯೇ ಎಂದು ಪರೀಕ್ಷೆಯಾಗಬೇಕಿತ್ತು. ಯಶವಂತಪುರದ ಸೋಪ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ ಅಪ್ಪನ ಸ್ನೇಹಿತರೊಬ್ಬರನ್ನು ಕರೆಸಿದರು. ಜೀವಮಾನವಿಡೀ ಶ್ರೀಗಂಧದ ಎಣ್ಣೆಯ ಗಾಳಿ ಕುಡಿದವರು. ಸ್ಟಾಂಪನ್ನು ಮೂಗಿಗೆ ಹಿಡಿದು ಕಣ್ಣುಮುಚ್ಚಿದರು, ಬಿಟ್ಟರು, ಮತ್ತೆ ಹಿಡಿದರು. “ಏನೂ ಗೊತ್ತಾಗ್ತಿಲ್ಲ ಸ್ವಾಮಿ. ನನಗೆ ಸರ್ವೀಸ್ ಸೇರಿದ ಮೂರನೇ ವರ್ಷದಿಂದ ಗಂಧದ ವಾಸನೆ ಬರೋದೇ ನಿಂತೋಗಿದೆ” ಎಂದರು. 2017ರ ಏಪ್ರಿಲ್ 23ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಕಾಫಿ ಪರಿಮಳದ ಸ್ಟಾಂಪಿನ ಬೆಲೆ 100 ರೂಪಾಯಿ. “ಅದೇ ದುಡ್ಡಿಗೆ ಕಾಲು ಕಿಲೋ ಕಾಫಿಪುಡಿ ಬರೋದು, ಮೂಸೋದ್ರ ಜೊತೆಗೆ ಕುಡೀಬಹುದಿತ್ತು” ಎಂದರು ಅಮ್ಮ. ಅಪ್ಪ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಭದ್ರಮಾಡಿ, ಮಾನ್ಯ ಅತಿಥಿಗಳು ಬಂದಾಗ ಮಾತ್ರ ಒಂದೊಂದು ಉಸಿರು ಕೊಡುತ್ತಾರೆ.

ಇನ್ನು ನನ್ನ ಮಗಳ ವಿಚಾರ. ಅವಳು ಹುಟ್ಟುವ ಹೊತ್ತಿಗೆ ತಾತನ ನಕ್ಷೆ ಅಳಿಸಿಹೋಗಿತ್ತು. ಈಗ ಯಲಹಂಕದಲ್ಲಿ ಅಮೆರಿಕದಲ್ಲಿ ಮಗನಿಲ್ಲದ ಮನೆಯಿಲ್ಲ, ಅಮೆರಿಕದಿಂದ ಕಾಗದ ಬರುವ ಮನೆಯೂ ಇಲ್ಲ. ಗೇಟು ತೆಗೆದು ಕೇಳುವುದಾದರೂ ಏನನ್ನು? ಅತ್ತ ಸರ್ಕಾರಕ್ಕೆ ಜ್ಞಾನೋದಯವಾಗಿ, ಆರರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳು ಸ್ಟಾಂಪು ಕೂಡಿಸಿದರೆ ತಿಂಗಳಿಗೆ 500 ರೂಪಾಯಿಯ ವಿದ್ಯಾರ್ಥಿವೇತನ ಎಂದು 2017ರಲ್ಲಿ ಯೋಜನೆ ತಂದಿತು. ನಾನು ಅದೇ ವಯಸ್ಸಿನಲ್ಲಿ ಅದೇ ಕೆಲಸಕ್ಕೆ ಏಟು ತಿಂದಿದ್ದೇನೆ. ಮಗಳಿಗೆ ವಿದ್ಯಾರ್ಥಿವೇತನ ಬರಲಿಲ್ಲ, ಏಕೆಂದರೆ ಅವಳು ಕೂಡಿಸುವುದು ಸ್ಟಾಂಪನ್ನಲ್ಲ.

ಪೋಸ್ಟಾಫೀಸಿನ ಕೌಂಟರಿನಲ್ಲಿ ಪಾರ್ಸಲ್ಲು, ಸ್ಪೀಡ್ ಪೋಸ್ಟು ಕೊಟ್ಟರೆ ಈಗ ಸ್ಟಾಂಪು ಹಚ್ಚುವುದಿಲ್ಲ, ಕಂಪ್ಯೂಟರಿನಿಂದ ಬಿಳಿಯ ಸ್ಟಿಕ್ಕರು ತೆಗೆದು ಅಂಟಿಸುತ್ತಾರೆ. ಕಪ್ಪು ಗೆರೆಗಳು, ಒಂದು ನಂಬರು, ತೂಕ, ಊರು, ದುಡ್ಡು. ಅವಳ ಆಲ್ಬಮ್ಮಿನಲ್ಲಿ ಇವೇ ತುಂಬಿವೆ. ಯಲಹಂಕ 560064ರಿಂದ ಹೊರಟವು ಒಂದು ಪುಟ, ಆರ್‌.ಟಿ. ನಗರ 560032ರವು ಇನ್ನೊಂದು, ಹೆಬ್ಬಾಳ 560024 ಮತ್ತೊಂದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸುತ್ತಾರೆಂದು ಗೊತ್ತಾದಾಗ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಂದ ಹಿಡಿದು ವಕೀಲರ ಆಫೀಸಿನವರೆಗೆ ಎಲ್ಲರ ಹತ್ತಿರ ನಿಂತು ಹಳೆಯ ರಿಜಿಸ್ಟರ್ಡ್ ಲಕೋಟೆಗಳನ್ನು ಕೇಳಿ ತಂದಳು. ಯಾರೋ ಪಾಪ ಡೈವೋರ್ಸ್ ನೋಟೀಸಿನ ಲಕೋಟೆಯನ್ನೂ ಕೊಟ್ಟಿದ್ದರು. ಅಪ್ಪ ಆ ಆಲ್ಬಮ್ ನೋಡಿ ಕೂತುಬಿಟ್ಟರು. “ಇದೇನು ಪುಟ್ಟಾ, ಅಂಗಡಿ ಬಿಲ್ಲು?” “ನಿಮ್ಮ ಸ್ಟಾಂಪೆಲ್ಲ ಬೀರು ಬಿಟ್ಟು ಎಲ್ಲಿಗ್ ಹೋಗಿವೆ ತಾತಾ? ಇದು ನೋಡಿ, ಗುವಾಹಟಿಗೆ ಹೋಗಿ ಅಡ್ರೆಸ್ ಸಿಗದೆ ವಾಪಸ್ ಬಂದಿದೆ” ಎಂದಳು. ಅಪ್ಪ ಗೋಡೆಯ ಮೇಲಿದ್ದ ತಾತನ ಫೋಟೋವನ್ನು ಗುಮಾನಿಯಿಂದ ನೋಡಿದರು.

ತಿಮ್ಮಯ್ಯನವರ ಪ್ರಕರಣಕ್ಕೆ ಅವಳು ಕೈಹಾಕಿದ್ದು ಕಳೆದ ಬೇಸಿಗೆಯಲ್ಲಿ. ಆರ್‌.ಟಿ. ನಗರದಿಂದ ನಾನು ಬರಿಗೈಯಲ್ಲಿ ಬಂದದ್ದನ್ನು ನೋಡಿ ಫೋನ್ ತೆಗೆದಳು, ಹೊರದೇಶದ ಯಾರೋ ಒಬ್ಬ ವ್ಯಾಪಾರಿಯ ಹತ್ತಿರ ಅದೇ ಸ್ಟಾಂಪು ಇರುವುದನ್ನು ಕಂಡುಹಿಡಿದಳು. ಒಂದು ಮಸಾಲೆದೋಸೆಯ ಬೆಲೆ. ತರಿಸುವ ಖರ್ಚು ಅದರ ಹಲವು ಪಟ್ಟು. “ಆರ್ಡರ್ ಮಾಡ್ಲಾ?” ಎಂದಳು. ನನಗೆ ಬಾಯಿ ಕಟ್ಟಿತು. ಅಪ್ಪನಿಗೆ ಹೇಳಿದಾಗ ಅವರು ಅಮ್ಮನ ಕಡೆ ನೋಡಿದರು. ದುಡ್ಡು ಕೊಟ್ಟು ಕೊಳ್ಳುವುದು! ಜಿಪಿಒದಲ್ಲಿ ಕೊಳ್ಳುವುದು ಬೇರೆ, ಅದು ಸರ್ಕಾರ. ಮನೆಯಲ್ಲೇ ಇರುವ ಸ್ಟಾಂಪನ್ನು, ಚಿಕ್ಕಪ್ಪನನ್ನು ಕೇಳಿ ಕೇಳಿ ಇಲ್ಲವೆನ್ನಿಸಿಕೊಂಡು ಬರುವುದು ಬಿಟ್ಟು, ಯಾವನೋ ಗುರುತಿಲ್ಲದವನಿಗೆ ಕಾರ್ಡ್ ನಂಬರ್ ಒತ್ತಿ ತರಿಸುವುದೆಂದರೆ! ಅವಳು ಒತ್ತಿಯಾಗಿತ್ತು.

ಬಂತು. ಕಂದು ಲಕೋಟೆಯ ಒಳಗೆ ರಟ್ಟು, ರಟ್ಟಿನ ನಡುವೆ ಪ್ಲಾಸ್ಟಿಕ್ಕು, ಅದರೊಳಗೆ ತಿಮ್ಮಯ್ಯನವರು, ಮಿಂಟ್. ಲಕೋಟೆಯ ಮೇಲೆ ಸ್ಟಾಂಪೇ ಇರಲಿಲ್ಲ, ಬಿಳಿಯ ಸ್ಟಿಕ್ಕರೊಂದಿತ್ತು.

ಸುದ್ದಿ ಅಂದೇ ಸಂಜೆ ಆರ್‌.ಟಿ. ನಗರ ಮುಟ್ಟಿತು. ಚಿಕ್ಕಪ್ಪ ಫೋನು ಮಾಡಿ, “ಕೊಡಲ್ಲ ಅಂದಿದ್ನೇನೋ ನಾನು? ಇನ್ನೆರಡು ಸಲ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಉಸಿರು ತಿರುಗಿಸಿಕೊಂಡು, “ಅದಿರಲಿ, ಬಂದ ಕವರ್ ಬಿಸಾಕ್ಬೇಡಿ. ವಿದೇಶ ನನ್ನ ಪಾಲು. ಪಂಚಾಯ್ತೀಲಿ ಆಗಿರೋ ಮಾತು” ಎಂದರು. ಅದರ ಮೇಲೆ ಸ್ಟಾಂಪಿಲ್ಲ ಚಿಕ್ಕಪ್ಪಾ, ಬರೀ ಸ್ಟಿಕ್ಕರು ಎಂದೆ. ಸ್ಟಿಕ್ಕರೇ ಆಗಲಿ, ಹೊರದೇಶದ್ದು ತಾನೆ, ನಾಳೆ ಬೆಳಿಗ್ಗೆ ತಂದುಕೊಡು ಎಂದರು. ಮಗಳನ್ನು ಕೇಳಿದೆ. ಆಗಲೇ ಬೇಸಿನ್ನಿಗೆ ನೀರು ಹಿಡಿಯುತ್ತಿದ್ದವಳು ತಲೆಯೆತ್ತದೆ, “ಸುಮ್ನೆ ಹೇಗ್ ಕೊಡ್ಲಿ? ಚಿಕ್ಕತಾತನ ಹತ್ರ ಒಂದು ತಿಮ್ಮಯ್ಯ ಇದೆಯಂತಲ್ಲ, ಅದನ್ನ ತರೋಕೆ ಹೇಳು” ಎಂದಳು.